ಸೊನ್ನೆ ತೋರಿಸಿದ ಬಿಲ್ಲೆ

ಹಾಲೇಶನ ಬೆರಳುಗಳು ಬೆಂಕಿಯಿಲ್ಲದೆ ಸುಟ್ಟಿದ್ದವು. ಮೊದಲು ಕೆಂಪಾದವು, ಆಮೇಲೆ ಬೊಬ್ಬೆಯೆದ್ದವು, ಹದಿನೈದನೆಯ ದಿನ ಕಪ್ಪಾದವು. ಸೂರತ್ತಿನ ಹತ್ತಿರದ ಹಜೀರಾದ ಕಾರ್ಮಿಕರ ಕಾಲೊನಿಯಲ್ಲಿ ಅವನ ತಟ್ಟೆ ಮುಟ್ಟಲೂ ಜನ ಹೆದರಿದರು. ದೆವ್ವ ಕೈ ಹಿಡಿದಿದೆ ಎಂದರು.

ಸುರಕ್ಷತಾ ತನಿಖೆಗೆ ಬಂದ ಮೇದಿನಿ ದೆವ್ವ ನಂಬುವವಳಲ್ಲ. ಆದರೂ ಸೂರತ್ತಿನ ಆಸ್ಪತ್ರೆಯಲ್ಲಿ ಆ ಕೈ ಕಂಡು ಮೈ ಜುಮ್ಮೆಂದಿತು. ದಾವಣಗೆರೆ ಕಡೆಯ ಹಾಲೇಶ, ಪೈಪುಗಳ ಬೆಸುಗೆಯನ್ನು ವಿಕಿರಣದಿಂದ ಪರೀಕ್ಷಿಸುವ ತಂಡದ ಸಹಾಯಕ.

"ಸುಡೋದು ಏನೂ ಮುಟ್ಟಿಲ್ಲರೀ ಮೇಡಂ," ಎಂದ. "ಸೊಟ್ಟಗಾದ ಟ್ಯೂಬ್ ನೆಟ್ಟಗೆ ಮಾಡಿದ್ದೆ, ಅಷ್ಟೇ. ತಣ್ಣಗಿತ್ತು."

ಏನು ಸುಟ್ಟಿತು, ಎಷ್ಟು ಹೊತ್ತು ಎಂದು ಬೇಗ ತಿಳಿಯದಿದ್ದರೆ ಇಡೀ ಕೈ ಹೋಗುತ್ತದೆ ಎಂದರು ವೈದ್ಯರು.

* * *

ಮೇಲ್ವಿಚಾರಕ ಹೃಷಿಕೇಶ ನಿಶ್ಚಿಂತನಾಗಿದ್ದ. ಹಾಲೇಶ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ತಾಗಿದ ವಿಕಿರಣವನ್ನು ಅಳೆಯುತ್ತದೆ. ಪ್ರಯೋಗಾಲಯ ಅದನ್ನು ಓದಿ ಸೊನ್ನೆ ಎಂದಿತ್ತು. ಹಾಗಾದರೆ ಆಸಿಡ್ಡೇ ಎಂದು ವಾದಿಸಿದ. ಬ್ಯಾಡ್ಜಿನೊಳಗೆ ಏನಿದೆಯೋ ತನಗೆ ಗೊತ್ತಿಲ್ಲ, ಆಸಿಡ್ ಇಡುವವನು ಸ್ಟೋರಿನ ಅಭಿಷೇಕ ಎಂದು ಕೈತೊಳೆದುಕೊಂಡ.

ಅಭಿಷೇಕ ಬೆವರುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಳು ಮೇದಿನಿ. ಕೊನೆಗೆ ಬಾಯಿಬಿಟ್ಟ: ಆಸಿಡ್ ಸೀಸೆ ಒಡೆದು ಮುಚ್ಚಿಟ್ಟಿದ್ದ. ಆದರೆ ಅದು ಒಡೆದದ್ದು ಮೊನ್ನೆ. ಕೈ ಕೆಂಪಾಗಿದ್ದು ಎರಡು ವಾರದ ಹಿಂದೆ.

* * *

ಮಧ್ಯಾಹ್ನ ಕಚೇರಿಯ ಕಪ್ಪು ಪರದೆ ಎಳೆಸಿ, ಇಬ್ಬರನ್ನೂ ಕೂರಿಸಿ, ಮೇದಿನಿ ಬಿಸಿ ತಟ್ಟೆಯ ಮೇಲೆ ಕಲ್ಲಿನ ಚೂರೊಂದನ್ನಿಟ್ಟಳು. ಕತ್ತಲಲ್ಲಿ ಅದು ತಾನಾಗಿಯೇ ಹಸಿರಾಗಿ ಬೆಳಗಿತು. ಅಭಿಷೇಕ ಕುರ್ಚಿ ಹಿಂದಕ್ಕೆಳೆದ. ಬೆಳಕು ಮೆಲ್ಲಗೆ ಆರಿತು.

ಇದು ಫ್ಲೋರೈಟ್ ಎಂದಳು. ಕುಲುಮೆಗೆ ಹಾಕಿದರೆ ಅದಿರು ಬೇಗ ಕರಗಿ ಹರಿಯುತ್ತದೆ. ಹರಿಯುವುದು ಎಂಬರ್ಥದ ಲ್ಯಾಟಿನ್ ಪದದಿಂದಲೇ ಈ ಹೆಸರು. ತಾಗಿದ ವಿಕಿರಣವನ್ನು ಒಳಗೇ ಹಿಡಿದಿಟ್ಟು, ಕಾಸಿದಾಗ ಬೆಳಕಾಗಿ ಬಿಡುತ್ತದೆ. ತಣ್ಣಗಾಗಲಿ, ಇನ್ನೊಮ್ಮೆ ತೋರಿಸುತ್ತೇನೆ ಎಂದಳು.

"ಮತ್ತೆ ಬೆಳಗಲ್ಲ ಮೇಡಂ," ಎಂದಿತು ಕತ್ತಲಲ್ಲಿ ಹೃಷಿಕೇಶನ ದನಿ. "ಒಂದ್ಸಲ ಕಾಸಿದ್ರೆ ಮುಗೀತು."

ಮೇದಿನಿ ದೀಪ ಹಾಕಿದಳು.

"ಬ್ಯಾಡ್ಜಿನೊಳಗೆ ಏನಿದೆಯೋ ಗೊತ್ತಿಲ್ಲ ಅಂದಿದ್ರಿ. ಅದರೊಳಗಿನ ಬಿಲ್ಲೆಗೂ ಇದೇ ಗುಣ. ಅದನ್ನ ಎಲ್ಲಿ ಕಾಸಿದ್ರಿ?"

ಅವಳೇ ಬಿಡಿಸಿ ಹೇಳಿದಳು. ಪ್ರಯೋಗಾಲಯ ಬಿಲ್ಲೆಯನ್ನು ಕಾಸಿ, ಹೊಮ್ಮುವ ಬೆಳಕನ್ನೇ ಅಳೆಯುತ್ತದೆ. ಸುಮ್ಮನೆ ಗೋಡೆಗೆ ನೇತುಹಾಕಿದ ಬ್ಯಾಡ್ಜಿಗೂ ಮಣ್ಣಿನಿಂದ, ಆಕಾಶದಿಂದ ಒಂದಿಷ್ಟು ವಿಕಿರಣ ತಾಗಿಯೇ ತಾಗುತ್ತದೆ. ಮೂರು ತಿಂಗಳು ಎದೆಯ ಮೇಲಿದ್ದದ್ದು ಸೊನ್ನೆ ತೋರಿಸಿತೆಂದರೆ ಯಾರೋ ಕಾಸಿ ಅಳಿಸಿದ್ದಾರೆ. ಅತಿಬುದ್ಧಿವಂತಿಕೆಯೇ ಅವನನ್ನು ಹಿಡಿದುಕೊಟ್ಟಿತ್ತು.

ಹೃಷಿಕೇಶ ಒಪ್ಪಿಕೊಂಡ. ವಿಕಿರಣದ ಗುಳಿಗೆ ಬೆಸುಗೆಯ ಬಳಿಗೆ ಹೋಗಿಬರುವ ದಾರಿಯೇ ಆ ಟ್ಯೂಬ್. ಅದು ಸೊಟ್ಟಗಾಗಿ ಗುಳಿಗೆ ಒಳಗೇ ಸಿಕ್ಕಿಕೊಂಡಿತ್ತು. ವರದಿ ಮಾಡಿದರೆ ಲೈಸೆನ್ಸ್ ಹೋಗುತ್ತಿತ್ತು. ಟ್ಯೂಬ್ ಖಾಲಿ ಎಂದು ಹೇಳಿ ಹಾಲೇಶನನ್ನು ಕಳಿಸಿದ. ಆಮೇಲೆ ಬಿಲ್ಲೆಯನ್ನು ವೆಲ್ಡಿಂಗ್ ಕಡ್ಡಿ ಒಣಗಿಸುವ ಓವನ್ನಿನಲ್ಲಿಟ್ಟ.

"ಎಷ್ಟು ಹೊತ್ತು ಹಿಡಿದಿದ್ದ?"

"ನಾಲ್ಕು ನಿಮಿಷ."

"ಅಷ್ಟು ಸರಿಯಾಗಿ ಹೇಗೆ ಗೊತ್ತು?"

"ಗೋಡೆ ಹಿಂದೆ ನಿಂತು ಗಡಿಯಾರ ನೋಡ್ತಿದ್ದೆ."

ಮೇದಿನಿಗೆ ಹೇಸಿಗೆಯಾಯಿತು. ಅವನತ್ತ ಬೆನ್ನು ತಿರುಗಿಸಿ ವೈದ್ಯರಿಗೆ ಫೋನ್ ಮಾಡಿದಳು. ಎರಡು ಬೆರಳು ಹೋಗುತ್ತವೆ, ಕೈ ಉಳಿಸಬಹುದು ಎಂದರು ಅವರು.