ಕೆಂಪು ತುದಿಯ ಸುಳ್ಳು

"ಕಾಪಿ ಹೊಡೆದವರಿಗೆ ಎರಡು ವರ್ಷ ಪರೀಕ್ಷೆ ಇಲ್ಲ. ಕೋಟಯ್ಯಾ, ನೀನು ನಾಲ್ಕರ ಗಂಟೆ ಹೊಡೆದ ಕೂಡಲೇ ಉತ್ತರಹಾಳೆಗಳ ಕಟ್ಟಿಗೆ ಮೊಹರು ಬೀಳತ್ತೆ. ಇವಳ ಮೇಲಿನ ದೂರೂ ಅದರ ಜೊತೆ ಹೋಗತ್ತೆ," ಎಂದರು ಹೊರಗಿನಿಂದ ಬಂದಿದ್ದ ಪರೀಕ್ಷಕ ಶೇಷಾಚಲಂ.

ಲ್ಯಾಬಿನ ಬಾಗಿಲಲ್ಲಿ ಪ್ರಸೂನ ಕಲ್ಲಿನಂತೆ ನಿಂತಿದ್ದಳು. ಅವಳ ತಾಯಿ ಗುಂಟೂರಿನ ಮೆಣಸಿನಕಾಯಿ ಯಾರ್ಡಿನಲ್ಲಿ ತೊಟ್ಟು ಬಿಡಿಸುವವಳು. ಹುಡುಗಿ ಕಾಲೇಜಿಗೇ ಮೊದಲು. ಎರಡು ವರ್ಷ ಕಳೆದುಕೊಂಡರೆ ಅವಳ ಬೆರಳುಗಳೂ ಅದೇ ಖಾರಕ್ಕೆ ಬೀಳುವುದು ಖಂಡಿತ. ನಾನು ಓದಿದ್ದು ಹಳ್ಳಿ ಶಾಲೆಯ ಏಳನೆಯ ತರಗತಿ. ಆದರೆ ಇಪ್ಪತ್ತೆರಡು ವರ್ಷ ಈ ಕಾಲೇಜಿನ ಗಂಟೆ ಹೊಡೆದವನಿಗೆ ಕಾಪಿ ಹೊಡೆಯುವವರ ಮುಖ ಗೊತ್ತಿರುತ್ತದೆ. ಇದು ಆ ಮುಖವಲ್ಲ. ನನ್ನ ಮೈ ಉರಿದುಹೋಯಿತು. ಕ್ವಾರ್ಟರ್ಸಿಗೆ ಓಡಿದೆ.

ಅಲ್ಲಿ ಮಾಣಿಕ್ಯಮ್ಮ ಗೋಂಗೂರ ಸೊಪ್ಪು ಬಿಡಿಸುತ್ತ ಕೂತಿದ್ದರು. ಮೂವತ್ತು ವರ್ಷ ಲ್ಯಾಬಿನ ಸಾಮಾನು ನೋಡಿಕೊಂಡು ನಿವೃತ್ತರಾದವರು. ಕಾಲೇಜಿನಲ್ಲಿ ಏನೇ ಕಳೆಯಲಿ, ಏನೇ ಒಡೆಯಲಿ, ಮಾಡಿದವರನ್ನು ಪತ್ತೆ ಹಚ್ಚಿದ್ದು ಅವರೇ. ಅವರ ಹಿಂದೆ ಓಡಾಡಿದವನು ನಾನು.

"ಕಿರುಚಬೇಡ ಕೋಟಯ್ಯ, ನಿನ್ನ ಗಂಟೆನೇ ವಾಸಿ," ಎಂದು ಅವರು ಸೊಪ್ಪು ಕೊಡವಿ ಎದ್ದರು. "ಹುಡುಗಿ ಏನು ಬರೆದಿದ್ದಾಳೆ ಅಂತ ಮೊದಲು ನೋಡೋಣ."

ಲ್ಯಾಬಿನಲ್ಲಿ ಶೇಷಾಚಲಂ ಅವಳ ಹಾಳೆಯನ್ನು ಮೇಜಿನ ಮೇಲೆ ಬಿಸಾಡಿದರು. "ಅಯಸ್ಕಾಂತದ ಉತ್ತರ ಧ್ರುವ ಉತ್ತರಕ್ಕೇ ಇಟ್ಟು, ದಿಕ್ಸೂಚಿ ಹಿಡಿದು, ಬಲರೇಖೆ ಎಳೀಬೇಕು. ಆಗ ಭೂಮಿಯ ಬಲ, ಅಯಸ್ಕಾಂತದ ಬಲ ಒಂದನ್ನೊಂದು ಅಳಿಸಿಹಾಕೋ ಜಾಗ ಪಕ್ಕದಲ್ಲಿ ಸಿಗತ್ತೆ, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಇವಳು ಎರಡೂ ತುದಿಗಳ ಆಚೆ ಹಾಕಿದ್ದಾಳೆ! ಅದು ಅಯಸ್ಕಾಂತ ತಿರುಗಿಸಿಟ್ಟಾಗ ಬರೋ ಚಿತ್ರ. ಎಲ್ಲಿಂದಲೋ ನೋಡಿ ಇಳಿಸಿದ್ದಾಳೆ, ಅದೂ ಬೇರೆ ಪ್ರಯೋಗದ್ದು."

"ಸೂಜಿ ತೋರಿಸಿದ್ದನ್ನೇ ಬರೆದೆ ಅಮ್ಮಮ್ಮ," ಎಂದಳು ಪ್ರಸೂನ. "ಕೆಂಪು ತುದೀನೇ ಉತ್ತರಕ್ಕಿಟ್ಟಿದ್ದೆ. ಆದರೂ ಸೂಜಿ ಉಲ್ಟಾ ತಿರುಗ್ತಿತ್ತು. ಚಕ್ರಪಾಣಿ ಸಾರನ್ನ ಕೇಳಿದ್ರೆ ಪರೀಕ್ಷೇಲಿ ಮಾತಾಡಬಾರದು ಅಂದ್ರು."

"ನಿಯಮ ನಾನು ಮಾಡಿದ್ದಾ?" ಎಂದ ಚಕ್ರಪಾಣಿ. ಈ ಮೇಷ್ಟ್ರು ಬಂದು ಎರಡು ವರ್ಷವಾಗಿತ್ತು. ಬೆಳಿಗ್ಗೆ ಸಂಜೆ ಮನೆಯಲ್ಲಿ ಟ್ಯೂಷನ್. ಪ್ರಸೂನ ಒಂದು ದಿನವೂ ಅಲ್ಲಿಗೆ ಹೋಗದೆ, ಹೋದವರನ್ನೆಲ್ಲ ಹಿಂದೆ ಹಾಕಿದ್ದಳು.

ಮಾಣಿಕ್ಯಮ್ಮ ಚಿತ್ರದ ಬಾಣಗಳ ಮೇಲೆ ಬೆರಳಾಡಿಸಿದರು. ಬಾಣಗಳೆಲ್ಲ ನೀಲಿ ತುದಿಯಿಂದ ಹೊರಟು ಕೆಂಪು ತುದಿಗೆ ಬರುತ್ತಿದ್ದವು. "ಯಾರಿಗೆ ಯಾವ ಪ್ರಯೋಗ ಅನ್ನೋ ಚೀಟಿ ಹೇಗೆ ಎತ್ತಿಸಿದಿರಿ?"

"ತಟ್ಟೆ ಚಕ್ರಪಾಣಿಯವರ ಕೈಲಿತ್ತು," ಎಂದರು ಶೇಷಾಚಲಂ. "ಪಟ್ಟಿಯಲ್ಲಿ ಇವಳೇ ಕೊನೆ. ಕೊನೇ ಚೀಟಿ ಇವಳದು."

ಅಯಸ್ಕಾಂತ ಇಡುವ ಬೀರುವಿನ ಬೀಗದಕೈ ಅಟೆಂಡರ್ ದಾವೀದನ ಸೊಂಟದಲ್ಲಿತ್ತು. ಅವನ ಉಗುರಿನ ತುಂಬ ನೀಲಿ ಬಣ್ಣ.

"ವಾರದಿಂದ ಕಿಟಕಿಗೆ ಬಣ್ಣ ಹೊಡೀತಿದೀನಿ ಅಕ್ಕಾ," ಎಂದು ಅವನು ಬೆವರಿದ. "ನೀಲಿ, ಕೆಂಪು ಎರಡೂ ಡಬ್ಬಿ ಇಲ್ಲೇ ಮೂಲೇಲಿದ್ವು. ಬೀಗದಕೈ ಕೇಳಿದವರಿಗೆಲ್ಲ ಕೊಟ್ಟಿದೀನಿ."

"ಪರೀಕ್ಷೆ ಮುಗಿದ ಮೇಲೆ ಅಯಸ್ಕಾಂತ ಪೆಟ್ಟಿಗೆಗೆ ಹಾಕಿದ್ದು ಯಾರು?"

"ನಾನೇ," ಎಂದ ಚಕ್ರಪಾಣಿ. "ಲ್ಯಾಬಿನ ಪದ್ಧತಿ ನಂಗೆ ಹೇಳಿಕೊಡ್ತೀರಾ? ಶಕ್ತಿ ಕುಂದದ ಹಾಗೆ ಜೋಡಿಯಾಗಿ ಇಡಬೇಕು. ಕೆಂಪಿನ ಪಕ್ಕ ನೀಲಿ, ನಡುವೆ ಮರದ ಪಟ್ಟಿ, ತುದಿಗಳಿಗೆ ಕಬ್ಬಿಣದ ತುಂಡು. ಹಾಗೇ ಇಟ್ಟೆ."

ಗಡಿಯಾರ ನಾಲ್ಕು ತೋರಿಸಿತು. "ಗಂಟೆ ಹೊಡಿ," ಎಂದರು ಶೇಷಾಚಲಂ.

"ಹೊಡೆಯಲ್ಲ," ಎಂದೆ.

"ಕೆಲಸ ಹೋಗತ್ತೆ!"

"ಹೋಗ್ಲಿ ಬಿಡಿ. ಸುಳ್ಳಿಗೆ ಗಂಟೆ ಹೊಡೆಯೋ ಕೆಲಸ ಯಾವನಿಗೆ ಬೇಕು?"

ಮಾಣಿಕ್ಯಮ್ಮ ಎಲ್ಲರನ್ನೂ ಮೇಜಿನ ಸುತ್ತ ಕರೆದು ಪೆಟ್ಟಿಗೆ ತೆರೆದರು. ಒಳಗೆ ಕೆಂಪಿನ ಪಕ್ಕ ಕೆಂಪು, ನೀಲಿಯ ಪಕ್ಕ ನೀಲಿ ತಣ್ಣಗೆ ಮಲಗಿದ್ದವು.

"ಕೆಂಪಿನ ಪಕ್ಕ ನೀಲಿ ಅಂದ್ರಲ್ಲ ಮೇಷ್ಟ್ರೇ, ಹಾಗೇ ಇಟ್ಟು ತೋರಿಸಿ."

ಚಕ್ರಪಾಣಿ ಒಂದನ್ನು ತಿರುಗಿಸಿಟ್ಟ. ಅದು ಒದ್ದು ಹಾರಿತು. ಮರದ ಪಟ್ಟಿ ನೆಲಕ್ಕೆ ಬಿತ್ತು. ಮತ್ತೆ ಒತ್ತಿದ. ಮತ್ತೆ ಒದೆಯಿತು.

"ಸಮಾನ ಧ್ರುವಗಳು ದೂರ ಹೋಗ್ತವೆ. ಅಂದ್ರೆ ಇವೆರಡರಲ್ಲಿ ಒಂದರ ಬಣ್ಣ ಸುಳ್ಳು," ಎಂದರು ಮಾಣಿಕ್ಯಮ್ಮ. "ಇಡುವಾಗಲೇ ಇವು ಒದ್ದಿರಬೇಕು. ಗೊತ್ತಿಲ್ಲದವನಾದ್ರೆ ಬೆಚ್ಚಿ ಎಲ್ಲರನ್ನೂ ಕರೀತಿದ್ದ. ನೀವು ಸುಮ್ಮನೆ ತಿರುಗಿಸಿಟ್ಟು, ನಮ್ಮೆದುರು ಬಾಯಿಪಾಠ ಒಪ್ಪಿಸಿದಿರಿ."

"ಅಯಸ್ಕಾಂತ ತಾನಾಗೇ ಧ್ರುವ ಬದಲಿಸಿರಬಹುದು. ಇಲ್ಲಾ, ಬಣ್ಣ ದಾವೀದಂದು!"

ಮಾಣಿಕ್ಯಮ್ಮ ತುರುಬಿನ ಪಿನ್ನು ತೆಗೆದು ಒಂದರ ನೀಲಿ ತುದಿಯನ್ನು ಕೆರೆದರು. ದಪ್ಪ ಹೊಸ ಬಣ್ಣ ಸಿಪ್ಪೆಯಂತೆ ಎದ್ದಿತು. ಅಡಿಯಲ್ಲಿ ಹಳೆಯ ಕೆಂಪು, ಕಬ್ಬಿಣದಲ್ಲೊಂದು ಗೀರು. ಜೊತೆಯ ಅಯಸ್ಕಾಂತದಲ್ಲಿ ಅಂಥದೇ ಗೀರು ಕೆಂಪು ತುದಿಯಲ್ಲೇ ಇತ್ತು.

"ಬಣ್ಣ ಉದುರಿದರೂ ತಿಳೀಲಿ ಅಂತ ಉತ್ತರ ಧ್ರುವಕ್ಕೆಲ್ಲ ಹಿಂದೆಯೇ ಗೀರು ಹಾಕಿದ್ದೆ. ಧ್ರುವ ತಾನಾಗಿ ತಿರುಗಿದ್ರೆ ಹಳೇ ಬಣ್ಣ ಇದ್ದಲ್ಲೇ ಇರ್ತಿತ್ತು. ಆಗ ನನ್ನ ಪಕ್ಕ ಕೂತು ಅರ ಉಜ್ಜಿದವನು ದಾವೀದ. ಅವನೇ ಮಾಡಿದ್ರೆ ಗೀರು ಮೊದಲು ಅಳಿಸ್ತಿದ್ದ. ಗೀರಿನ ವಿಷಯ ಗೊತ್ತಿಲ್ಲದವರು, ತಟ್ಟೆ ಹಿಡಿದು ಕೊನೇ ಚೀಟಿ ಉಳಿಸಿಕೊಟ್ಟವರು, ಹುಡುಗಿ ಕೇಳಿದಾಗ ಬಾಯಿ ಮುಚ್ಚಿಸಿದವರು, ಮೂರೂ ಒಬ್ಬರೇ."

ಚಕ್ರಪಾಣಿ ತಲೆ ತಗ್ಗಿಸಿದ. "ಟ್ಯೂಷನ್ನಿಗೆ ಬರದವಳೇ ಮೊದಲು ಬಂದ್ರೆ ನನ್ನ ಹತ್ರ ಯಾಕೆ ಕಳಿಸಬೇಕು ಅಂತ ಮಕ್ಕಳ ಮನೆಯೋರು ಕೇಳ್ತಾರೆ..."

ನನ್ನ ಕೈ ಎದ್ದಿತ್ತು. ದಾವೀದ ಹಿಡಿದುಕೊಂಡ.

ಮಾಣಿಕ್ಯಮ್ಮ ಪರೀಕ್ಷಕರತ್ತ ತಿರುಗಿದರು. "ಕಾಪಿ ಹೊಡೆಯೋರು ಬಾಣವನ್ನೂ ಪುಸ್ತಕದ ಹಾಗೇ ಇಳಿಸ್ತಾರೆ. ನೀಲಿ ತುದಿಯಿಂದ ಬಾಣ ಹೊರಡೋ ಚಿತ್ರ ಯಾವ ಪುಸ್ತಕದಲ್ಲಿದೆ? ಒಂದು ಸಲ ದಿಕ್ಸೂಚಿ ಹತ್ತಿರ ಹಿಡಿದಿದ್ರೆ ನಿಮಗೇ ಕಾಣ್ತಿತ್ತು. ನೀವು ಬಣ್ಣ ನಂಬಿದಿರಿ, ಹುಡುಗಿ ಸೂಜಿ ನಂಬಿದಳು."

ಶೇಷಾಚಲಂ ಕನ್ನಡಕ ಒರೆಸಿಕೊಂಡರು. "ಆಯ್ತಮ್ಮ. ಬೇರೆ ಅಯಸ್ಕಾಂತ ಕೊಡ್ತೀನಿ, ಇನ್ನೊಂದ್ಸಲ ಮಾಡು."

"ಯಾಕೆ ಸಾರ್?" ಎಂದಳು ಪ್ರಸೂನ. ಅಷ್ಟು ಹೊತ್ತಿನ ಮೇಲೆ ಅವಳ ದನಿ ಏರಿತು. "ನಾನು ಬರೆದಿದ್ದು ಸರಿ ಇದೆಯಲ್ಲ?"

ಶೇಷಾಚಲಂ ದೂರಿನ ಕಾಗದ ಹರಿದರು. ಪ್ರಸೂನಳ ಹಾಳೆಗೆ ಪೂರ್ತಿ ಅಂಕ ಹಾಕಿ ಸಹಿ ಮಾಡಿದರು. ಚಕ್ರಪಾಣಿಯ ಹೆಸರು ಬರೆಯಲು ಬೇರೊಂದು ಹಾಳೆ ಕೇಳಿದರು. ದಾವೀದ ಓಡಿಹೋಗಿ ತಂದ.

ಹುಡುಗಿಯ ಹಾಳೆ ಕಟ್ಟಿಗೆ ಸೇರಿದ್ದನ್ನು ಕಣ್ಣಾರೆ ಕಂಡ ಮೇಲೆ ನಾನು ಸುತ್ತಿಗೆ ಎತ್ತಿಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ದಿನ ನಾಲ್ಕರ ಗಂಟೆ ನಾಲ್ಕು ಇಪ್ಪತ್ತಕ್ಕೆ ಮೊಳಗಿತು.