ಉಸಿರಾಡುವ ಹೆಣ

ಕತ್ತರಿ ನನ್ನ ಮೂಗಿನ ಕೆಳಗಿತ್ತು.

ನನ್ನದೇ ಕತ್ತರಿ. ಫಿಲ್ಮ್ ಕತ್ತರಿಸಿ ಕತ್ತರಿಸಿ ಹಿಡಿ ಸವೆದದ್ದು.

ಹಿಡಿದ ಕೈ ಮಾತ್ರ ಬಂಡೆಯದು. ಅದು ಅಡ್ಡಹೆಸರು. ಹೆತ್ತವರು ಇಟ್ಟ ಹೆಸರನ್ನು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಎಡಿಟಿಂಗ್ ರೂಮಿನ ಬಾಗಿಲಲ್ಲಿ ನೇರವಾಗಿ ಹಿಡಿಸದೆ ಓರೆಯಾಗಿ ಒಳಗೆ ಬಂದಿದ್ದ.

"ಟೇಪ್ ಕೊಡು."

"ಯಾವ ಟೇಪು?"

"ಇವತ್ತು ಸಂಜೆ ಟೀವೀಲಿ ಬರೋದು. ಅದ್ರಲ್ಲಿ ನಮ್ಮಣ್ಣ ಸಾಯ್ತಾನಂತೆ."

"ಸಾಯೋದೇನು ಬಂತು? ಆಗ್ಲೇ ಸತ್ತಾಯ್ತು."

ಕಚಕ್...

ನನ್ನ ಮೀಸೆಯ ಎಡತುದಿ ಮೇಜಿನ ಮೇಲೆ ಬಿತ್ತು.

ಅವನು 'ಅಣ್ಣ' ಅಂದದ್ದು ನನ್ನ ಸೀರಿಯಲ್ಲಿನ ಹೀರೋಗೆ. ಬಂಡೆ ಆ ಹೀರೋನ ಬಾಡಿಗಾರ್ಡ್. ಆ ಹೀರೋ ನನ್ನ ಹೆಂಡತಿಯ ಖಾಸಾ ತಮ್ಮ. ಹೊರಗಿನ ಶತ್ರುವನ್ನು ಓಡಿಸಬಹುದು ಕಣಯ್ಯಾ, ಭಾಮೈದನಿಗೆ ಊಟಕ್ಕೆ ಹಾಕಬೇಕಾಗುತ್ತದೆ.

ನಾನು ಅರ್ಧ ಆಯುಸ್ಸು ಕತ್ತಲ ಕೋಣೆಯಲ್ಲಿ ಕೂತು ಬೇರೆಯವರ ಸಿನಿಮಾ ಕತ್ತರಿಸಿದವನು. ಅಳಲು ಬಾರದವರನ್ನು ಅಳಿಸಿದೆ. ಓಡಲು ಬಾರದವರನ್ನು ಓಡಿಸಿದೆ. ಚಪ್ಪಾಳೆ ಅವರಿಗೆ, ಕಣ್ಣುರಿ ನನಗೆ. ತಲೆ ನರೆತ ಮೇಲೆ ಟೀವಿಯವರು ಕರೆದು ಡೈರೆಕ್ಟರ್ ಕುರ್ಚಿ ಕೊಟ್ಟರು. ಅದರ ಬೆನ್ನಿಗೆ ನನ್ನ ಹೆಸರು ಬರೆಸಿದ್ದರು. ಮೊದಲ ದಿನ ಅದರಲ್ಲಿ ಒರಗಿ ಕೂರಲೇ ಇಲ್ಲ, ಹೆಸರು ಅಳಿಸಿಹೋದೀತು ಅಂತ.

ಸೀರಿಯಲ್ ಓಡಿತು. ಭಾಮೈದನ ತಲೆ ತಿರುಗಿತು.

"ಭಾವ, ಆ ಕುರ್ಚಿ ನನಗೆ ಬಿಡಿ. ಇನ್ಮೇಲೆ ನಾನೇ ಡೈರೆಕ್ಟ್ ಮಾಡ್ತೀನಿ. ಇಲ್ಲಾಂದ್ರೆ ಶೂಟಿಂಗಿಗೆ ಬರಲ್ಲ."

ಬರಲಿಲ್ಲ.

ಪ್ರೊಡ್ಯೂಸರ್ ಕೈ ತೊಳೆದುಕೊಂಡ. "ಸಂಜೆ ನ್ಯೂಸ್ ಮುಗಿಯೋದ್ರೊಳಗೆ ಎಪಿಸೋಡ್ ಟೀವಿ ಸ್ಟೇಷನ್‌ನಲ್ಲಿರ್ಬೇಕು. ಇಲ್ಲಾಂದ್ರೆ ಕುರ್ಚಿ ಅವನಿಗೆ."

ಹೀರೋ ಇಲ್ಲದೆ ಎಪಿಸೋಡ್ ಎಲ್ಲಿಂದ ತರಲಿ?

ಆದರೆ ಎಡಿಟರ್ ಆದವನು ಏನನ್ನೂ ಎಸೆಯುವುದಿಲ್ಲ. ನಮ್ಮ ಆಸ್ಪತ್ರೆ ಸೆಟ್ಟಿನಲ್ಲಿ ಒಂದು ಮಂಚವಿತ್ತು. ಮಂಚ ಕಂಡರೆ ಭಾಮೈದನಿಗೆ ನಿದ್ದೆ. ಒಂದು ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಉರುಳಿಕೊಂಡಿದ್ದ. ಕ್ಯಾಮೆರಾಮನ್ ಕ್ಯಾಮೆರಾ ಆಫ್ ಮಾಡದೆ ಕೈ ತೊಳೆಯಲು ಹೋಗಿದ್ದ. ಆ ಟೇಪನ್ನು ನಾನು ಎತ್ತಿಟ್ಟಿದ್ದೆ.

ಎಂಥ ಶಾಂತ ಮುಖ ಅಂತೀಯ... ಎಚ್ಚರವಿದ್ದಾಗ ಅವನು ಒಂದು ದಿನವೂ ಅಷ್ಟು ಚೆನ್ನಾಗಿ ನಟಿಸಿರಲಿಲ್ಲ.

ಡಾಕ್ಟರ್ ಪಾತ್ರದವನು ತಲೆ ಅಲ್ಲಾಡಿಸುವ ಹಳೇ ಶಾಟ್ ಒಂದಿತ್ತು. ಅದರ ಪಕ್ಕಕ್ಕೆ ಈ ನಿದ್ದೆ ಅಂಟಿಸಿದೆ. ಹೀರೋ ಸತ್ತ.

"ತೋರ್ಸು," ಅಂದ ಬಂಡೆ.

ತೋರಿಸಿದೆ. ಅವನು ಪರದೆಗೆ ಮೂಗು ತಾಗಿಸಿ ನೋಡಿದ.

"ಹೊಟ್ಟೆ ಆಡ್ತಾ ಇದೆ."

"ಎಲ್ಲಿ?"

"ಕಣ್ಣು ಬಾಡಿಗೆಗೆ ಕೊಟ್ಟಿದೀಯಾ? ಹೆಣ ಉಸಿರಾಡ್ತಾ ಇದೆ. ನಾನು ನೋಡಿರೋವು ಯಾವೂ ಹಿಂಗೆ ಮಾಡಲ್ಲ."

ಆ ವಿಷಯದಲ್ಲಿ ಅವನ ಅನುಭವವನ್ನು ಪ್ರಶ್ನಿಸುವ ಹಾಗಿರಲಿಲ್ಲ. ನೋಡಿದೆ. ನಿಜ. ಭಾಮೈದನ ಹೊಟ್ಟೆ ಗಾಳಿ ತುಂಬಿದ ದಿಂಬಿನಂತೆ ಏರುತ್ತಿತ್ತು, ಇಳಿಯುತ್ತಿತ್ತು. ಹೀಗೇ ಕಳಿಸಿದರೆ ಊರೆಲ್ಲ ನಗುತ್ತದೆ. ಕುರ್ಚಿ ಹೋದ ಹಾಗೆಯೇ.

ದಾರಿ ಒಂದೇ. ಹೊಟ್ಟೆ ಏಳುವ ಹೊತ್ತಿಗೆ ಬೇರೆ ಯಾರದಾದರೂ ಮುಖ ತೋರಿಸಬೇಕು. ಹೆಣದ ಪಕ್ಕ ನಿಂತು ನೋಡುವ ಮುಖ. ನಟರೆಲ್ಲ ಮನೆಗೆ ಹೋಗಿದ್ದರು. ನನ್ನದು ಬಿಟ್ಟರೆ ಕೋಣೆಯಲ್ಲಿದ್ದದ್ದು ಒಂದೇ ಮುಖ. ಅದೂ ಕತ್ತರಿ ಹಿಡಿದುಕೊಂಡಿತ್ತು.

"ಟೇಪ್ ಹರಿಯೋದು ಹರೀತೀಯ," ಅಂದೆ. "ಅದಕ್ಕೆ ಮುಂಚೆ ಒಂದು ಕ್ಲೋಸಪ್ ತೆಗೀಲಾ?"

"ಯಾರ್ದು?"

"ನಿಂದು."

ಕತ್ತರಿ ತಡವರಿಸಿತು. ಆರಿದ ಮಾನಿಟರಿನ ಗಾಜಿನಲ್ಲಿ ನೋಡಿಕೊಂಡು ಅವನು ತಲೆಗೂದಲು ಒತ್ತಿಕೊಂಡ.

ಕ್ಲೋಸಪ್ ಬೇಡ ಅಂದವನನ್ನು ನಾನು ಇವತ್ತಿಗೂ ಕಂಡಿಲ್ಲ.

ಪಕ್ಕದ ಸೆಟ್ಟಿನಲ್ಲಿ ಮಂಚದ ಬಳಿ ನಿಲ್ಲಿಸಿ ಲೈಟ್ ಹಾಕಿದೆ. ಅವನು ಅಳಲು ಶುರು ಮಾಡಿದ. ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವನ ಹಾಗಿತ್ತು.

"ಅಳ್ಬೇಡಪ್ಪ. ಸುಮ್ನೆ ನಿಂತ್ಕೊ. ಒಂದು ಮಾತು ಕೇಳ್ತೀನಿ ಹೇಳು. ನಿಮ್ಮಣ್ಣ ನಿನ್ನ ಜೊತೆ ಕೊನೇ ಸಲ ಒಳ್ಳೇ ಮಾತಾಡಿದ್ದು ಯಾವಾಗ?"

ಬಂಡೆ ಹಣೆ ಕೆರೆದುಕೊಂಡ.

"ಅವತ್ತು ಮಳೇಲಿ... ನಾನು ಛತ್ರಿ ಹಿಡ್ಕೊಂಡಿದ್ದೆ."

"ಏನಂದ?"

"ನೆನೀತಾ ಇದೀನಿ, ನೆಟ್ಟಗೆ ಹಿಡಿಯೋ ಅಂದ."

"ಅದನ್ನ ಬಿಟ್ಟು?"

ಅವನು ಹುಡುಕಿದ. ಸೀಲಿಂಗಿನಲ್ಲಿ ಹುಡುಕಿದ, ಖಾಲಿ ಮಂಚದ ಮೇಲೆ ಹುಡುಕಿದ. ಕಣ್ಣೀರಿಲ್ಲ, ತುಟಿ ಅದುರಲಿಲ್ಲ. ತನ್ನದು ಅಂದುಕೊಂಡದ್ದು ಯಾವತ್ತೂ ಇರಲೇ ಇಲ್ಲವೇನೋ ಅನ್ನುವ ಮುಖ...

ಕ್ಯಾಮೆರಾ ಓಡುತ್ತಿತ್ತು.

ಜೀವಮಾನವಿಡೀ ದೊಡ್ಡ ದೊಡ್ಡ ನಟರ ಫಿಲ್ಮ್ ಡಬ್ಬಗಳಲ್ಲಿ ನಾನು ತಡಕಾಡಿದ ಶಾಟ್ ಅದು.

"ಕಟ್," ಅಂದೆ. ಮೆಲ್ಲಗೆ.

ವಾಪಸ್ ಬಂದು ಜೋಡಿಸಿದೆ. ಹೆಣ. ಉಸಿರು ಏಳುವ ಮುಂಚೆ ಬಂಡೆ. ಉಸಿರು ಇಳಿದ ಮೇಲೆ ಹೆಣ. ಬಂಡೆ ಪಕ್ಕದಲ್ಲಿ ನಿಂತು ನೋಡಿದ. ಆಮೇಲೆ ಕತ್ತರಿಯನ್ನು ಅದರ ಜಾಗದಲ್ಲೇ ಇಟ್ಟ.

"ಅದು ನಾನಾ?"

"ನೀನೇ."

"ನಮ್ಮಮ್ಮ ನೋಡ್ತಾಳಾ?"

"ಟೇಪ್ ಸ್ಟೇಷನ್ ಸೇರಿದ್ರೆ."

ಬಂಡೆ ಟೇಪನ್ನು ಅಂಗಿಯೊಳಗೆ ಇಳಿಸಿಕೊಂಡ. "ಗಾಡಿ ಎಲ್ಲಿದೆ?"

ನನ್ನ ಸ್ಕೂಟರನ್ನು ಬಂಡೆ ಓಡಿಸಿದ, ನಾನು ಹಿಂದೆ ಕೂತೆ. ಗೇಟಿನಲ್ಲಿ ಭಾಮೈದನ ಕಾರು ಅಡ್ಡ ನಿಂತಿತ್ತು.

"ಲೇ ಬಂಡೆ, ಟೇಪ್ ಸಿಕ್ತಾ?"

"ಸಿಕ್ತು ಅಣ್ಣ."

"ಕೊಡು."

"ಕೊಡಲ್ಲ ಅಣ್ಣ."

ಕಾರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸ್ಕೂಟರ್ ತೂರಿತು. ನನ್ನ ಮಂಡಿಚಿಪ್ಪು ಗೋಡೆಗೆ ಒರೆಸಿಕೊಂಡೇ ಬಂತು. ಹಿಂದೆ ಹಾರನ್, ಮುಂದೆ ತರಕಾರಿ ಗಾಡಿಗಳು. ಒಂದು ತಿರುವಿನಲ್ಲಿ ಕಾರಿನ ಮೂತಿ ನನ್ನ ಬೆನ್ನು ಮೂಸಿತು. ಸಿಕ್ಕಿಬಿದ್ದೆವು ಅಂದುಕೊಂಡೆ...

ಎದುರಿಗೆ ಬಸ್‌ಸ್ಟಾಪ್. ಅಲ್ಲಿ ಜಾತ್ರೆಯಷ್ಟು ಜನ.

"ಅಕ್ಕಂದಿರಾ!" ಬಂಡೆ ಗುಡುಗಿದ. "ಹಿಂದೆ ಕಾರಲ್ಲಿ ಸೀರಿಯಲ್ ಹೀರೋ ಬರ್ತಾವ್ನೆ!"

ಇಡೀ ಬಸ್‌ಸ್ಟಾಪ್ ಕಾರಿನ ಮೇಲೆ ಕವುಚಿಕೊಂಡಿತು. ಭಾಮೈದನಿಗೆ ಒಂದು ದೌರ್ಬಲ್ಯ. ಆಟೋಗ್ರಾಫ್ ಕೇಳಿದವರಿಗೆ ಇಲ್ಲ ಅನ್ನಲಾರ. ತಿರುಗಿ ನೋಡಿದೆ. ಬಾಯಲ್ಲಿ "ಹಿಡೀರಿ ಅವರನ್ನ!" ಅಂತಿದ್ದ. ಕೈ ಸಹಿ ಹಾಕುತ್ತಿತ್ತು.

ಟೇಪ್ ಸ್ಟೇಷನ್ ಸೇರಿದಾಗ ನ್ಯೂಸ್‌ನಲ್ಲಿ ಹವಾಮಾನ ಓದುತ್ತಿದ್ದರು.

ಅರ್ಧ ಮೀಸೆಯಲ್ಲಿ ಮನೆಗೆ ಹೋದೆ. ಹೆಂಡತಿ ಟೀವಿ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನನಗಿಂತ ಮುಂಚೆ ದೂರು ಹೇಳಲು ಓಡಿಬಂದಿದ್ದ ತಮ್ಮ ಅವಳ ಎದುರಿಗೇ ನಿಂತಿದ್ದ.

"ಅಕ್ಕ, ನಾನು ಇಲ್ಲೇ ಇದೀನಲ್ಲೇ!"

"ಸ್ವಲ್ಪ ಪಕ್ಕಕ್ಕೆ ಸರಿಯೋ. ನೀನು ಸತ್ತಿರೋದು ಕಾಣಿಸ್ತಾ ಇಲ್ಲ."

ಮಾರನೇ ದಿನ ಸ್ಟೇಷನ್ನಿಗೆ ಬಂದ ಫೋನುಗಳಲ್ಲೆಲ್ಲ ಒಂದೇ ಮಾತು. ಹೆಣದ ಪಕ್ಕ ನಿಂತಿದ್ದ ಆ ದಪ್ಪನೆಯ ಮನುಷ್ಯ ಯಾರು? ಪಾಪ, ಅವನಿಗೆ ಮುಂದೆ ಏನಾಗುತ್ತದೆ?

ಈಗ ಬಂಡೆಯೇ ಹೀರೋ. ನಾನು ಕುರ್ಚಿಗೆ ಧಾರಾಳವಾಗಿ ಒರಗಿ ಕೂರುತ್ತೇನೆ.

ಭಾಮೈದನನ್ನೂ ಕೈಬಿಟ್ಟಿಲ್ಲ, ಹೆಂಡತಿಗೆ ಉತ್ತರ ಹೇಳಬೇಕಲ್ಲ. ಸೆಟ್ಟಿನ ಗೋಡೆಯ ಮೇಲೆ ಅವನ ಫೋಟೋ ಇದೆ. ಸತ್ತ ಮೇಲೆ ಅವನು ಒಂದು ದಿನವೂ ತಡವಾಗಿ ಬಂದಿಲ್ಲ, ಒಂದು ಡೈಲಾಗೂ ಮರೆತಿಲ್ಲ.