ಬಿಳಿಚೋಡಿನ ಚಟ್ನಿಪುಡಿ

ಚನ್ನಗಿರಿ ಬಸ್ ನಿಲ್ದಾಣದ ಎದುರಿನ ನಮ್ಮ ಪತ್ತೇದಾರಿ ಕಚೇರಿಗೆ ಅಳುತ್ತಾ ಬರುವವರೇ ಹೆಚ್ಚು. ಬಿಳಿಚೋಡಿನ ಲಕ್ಷ್ಮಕ್ಕ ಮಾತ್ರ ಉರಿಯುತ್ತಾ ಬಂದರು.

“ನನ್ನ ಶೇಂಗಾ ಚಟ್ನಿಪುಡಿಯಾಗೆ ಕೆಮಿಕಲ್ ಐತಂತ್ರೀ! ನೋಟಿಸ್ ಕಳ್ಸ್ಯಾರೆ. ನಾಳೆ ಆಹಾರ ಇಲಾಖೆ ಅಧಿಕಾರಿ ಮನೆಗೇ ಬರ್ತಾರೆ, ನೋಂದಣಿ ರದ್ದು ಮಾಡಾಕೆ. ನನ್ನ ಕೂಡ ದುಡಿಯೋ ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕು?”

ಪೊಲೀಸ್ ಕೆಲಸದಿಂದ ನಿವೃತ್ತರಾದ ಪ್ರೇಮಲತಾ ಪತ್ತೇದಾರಿಕೆಗಿಳಿದಂದಿನಿಂದ ನಾನು, ಹೇಮಾವತಿ, ಅವರ ಜೊತೆಗಿದ್ದೇನೆ. ಅವರದು ತಣ್ಣನೆಯ ತಲೆ. ನನ್ನದು ಬಿಸಿ. ಒಂದು ಮಾತೂ ಕೇಳದೆ ನೋಟಿಸ್ ಕಳಿಸಿದವರ ಮೇಲೆ ನನಗೆ ಮೈಯೆಲ್ಲ ಉರಿಯಿತು.

ನೋಟಿಸಿನ ಜೊತೆಗಿದ್ದ ಪ್ರಯೋಗಾಲಯದ ವರದಿಯನ್ನು ಪ್ರೇಮಲತಾ ಓದಿದರು. ಹೊನ್ನಾಳಿಯ ಹನುಮಣ್ಣನ ಅಂಗಡಿಯಲ್ಲಿ ಪರೀಕ್ಷೆಗೆಂದು ತೆಗೆದ ಪೊಟ್ಟಣದಲ್ಲಿ, ಉಪ್ಪಿನಕಾಯಿ ಕೆಡದಂತೆ ಹಾಕುವ ಪ್ರಿಸರ್ವೇಟಿವ್ ಸಿಕ್ಕಿತ್ತು. ಚಟ್ನಿಪುಡಿ ಮಸಾಲೆ ವರ್ಗಕ್ಕೆ ಸೇರಿದ್ದರಿಂದ ಅದು ಇರಲೇಬಾರದಿತ್ತು.

“ವಿಚಿತ್ರ ನೋಡು ಹೇಮಾ, ಉಪ್ಪಿನಕಾಯಿಗೆ ಎಷ್ಟು ಹಾಕಬಹುದೋ ಸರಿಯಾಗಿ ಅಷ್ಟೇ ಇದೆ” ಎಂದರು.

“ಕವರ್ ನಂದೇ” ಎಂದರು ಲಕ್ಷ್ಮಕ್ಕ. “ನ್ಯಾಮತಿಯ ಅರುಣ್ ಕುಮಾರ್ ಅವ್ರು ತಮ್ಮ ಉಪ್ಪಿನಕಾಯಿ ಕವರ್ ಜೊತೆಗೇ ದಾವಣಗೆರೆಯಾಗೆ ಪ್ರಿಂಟ್ ಹಾಕ್ಸಿ ಕೊಡ್ತಾರೆ. ಪುಡಿ ಮಾತ್ರ ನಂದಲ್ಲ. ಇದು ನನ್ನ ಕೂಡ ದುಡೀತಿದ್ದ ಅನಿತಾಳ ಕೆಲಸ. ಜಗಳ ಆಡಿ ಬಿಟ್ಟು ಹೋಗುವಾಗ ಒಂದು ಕಟ್ಟು ಕವರ್ ಹೊತ್ಕೊಂಡು ಹೋದ್ಲು. ‘ನಿನ್ನ ಹೆಸರು ಮಣ್ಣುಪಾಲು ಮಾಡ್ತೀನಿ’ ಅಂದಿದ್ಲು.”

ನನಗೂ ಅದೇ ಖಾತ್ರಿಯಾಯಿತು. ಆದರೆ ಸಂಜೆ ಅನಿತಾಳ ಮನೆಗೆ ಹೋದಾಗ ಅವಳು ಆ ಕಟ್ಟನ್ನೇ ತಂದು ನಮ್ಮ ಮುಂದೆ ಕುಕ್ಕಿದಳು. ಅದನ್ನು ಬಿಚ್ಚಿಯೇ ಇರಲಿಲ್ಲ. ಹನುಮಣ್ಣನನ್ನು ಕೇಳಿದರೆ, “ದಿನಾ ಹತ್ತು ಕಡೆಯಿಂದ ಮಾಲು ಬರ್ತದೆ. ಯಾರು ಇಳಿಸಿದ್ರು ಅಂತ ಹೆಂಗ್ರೀ ನೆನಪಿಡಾಕೆ ಆಗ್ತದೆ?” ಎಂದ. ಲಕ್ಷ್ಮಕ್ಕನ ಪೊಟ್ಟಣಗಳನ್ನೆಲ್ಲ ಅವನು ಆಗಲೇ ಹೊರಗೆಸೆದಿದ್ದ.

ಮರುದಿನ ಪ್ರೇಮಲತಾ ಒಬ್ಬರೇ ದಾವಣಗೆರೆಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಬಿಳಿಚೋಡಿಗೆ ಬಂದರು. ಅವರು ಹೇಳಿಕಳಿಸಿದ್ದರಿಂದ ಅನಿತಾ, ಹನುಮಣ್ಣ, ಅರುಣ್ ಕುಮಾರ್ ಮೂವರೂ ಬಂದಿದ್ದರು. ಅಧಿಕಾರಿ ತಿಪ್ಪೇರುದ್ರಸ್ವಾಮಿ ಬಿಗುಮುಖದಲ್ಲಿ ಕುಳಿತಿದ್ದರು. ಲಕ್ಷ್ಮಕ್ಕ ಎಲ್ಲರಿಗೂ ಎಲೆ ಹಾಕಿ, ಉಪ್ಪಿನಕಾಯಿಯ ಪಕ್ಕದಲ್ಲೇ ಚಟ್ನಿಪುಡಿ ಬಡಿಸಿದರು. ಅಧಿಕಾರಿ ಮುಟ್ಟಲಿಲ್ಲ. ನನಗೆ ತಡೆಯಲಾಗದೆ ಅವರೆದುರೇ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ.

“ಒಂದು ಸಂದೇಹ” ಎಂದರು ಪ್ರೇಮಲತಾ. “ಈ ಪುಡಿ ಕೆಡದಂತೆ ಎಷ್ಟು ಪ್ರಿಸರ್ವೇಟಿವ್ ಹಾಕಬೇಕು?”

ಅನಿತಾ ನಕ್ಕಳು. “ಹುರಿದ ಪುಡಿಗೆ ಅದ್ಯಾಕ್ರೀ? ಉಪ್ಪು, ಹುಣಸೆಹಣ್ಣು ಸಾಕು.”

“ನಾನು ಮಾರೋನು, ನಂಗೇನ್ ಗೊತ್ರೀ?” ಎಂದ ಹನುಮಣ್ಣ.

ಅರುಣ್ ಕುಮಾರ್ ಮಾತ್ರ ಪಾಠ ಹೇಳುವ ಗತ್ತಿನಲ್ಲಿ ಮುಗುಳ್ನಕ್ಕ. “ಉಪ್ಪಿನಕಾಯಿ ಲೆಕ್ಕಾನೇ ಮೇಡಂ. ಎಲೆಯಾಗೆ ಎರಡನ್ನೂ ಒಂದೇ ಮೂಲೆಗೆ ಬಡಿಸ್ತೀವಲ್ಲ? ಈ ಪುಡಿಯಾಗೆ ಆ ಮಿತಿ ದಾಟಿರ್ಬೇಕು, ದಾಟದಿದ್ರೆ ಕಾನೂನಿನಾಗೆ ತಪ್ಪೇನಿಲ್ಲ.”

“ನೀವು ಹಾಕಿದ್ದು ಸರಿಯಾಗಿ ಆ ಮಿತಿಯಷ್ಟೇ” ಎಂದರು ಪ್ರೇಮಲತಾ. ಅವನ ಕೈ ಎಲೆಯ ಮೇಲೇ ನಿಂತಿತು.

“ಹೆಸರು ಕೆಡಿಸಬೇಕೆಂದಿದ್ದವರು ಕೆಮಿಕಲನ್ನು ಅಳೆದು ಹಾಕುವುದಿಲ್ಲ, ಸುರಿಯುತ್ತಾರೆ. ಇದನ್ನು ಹಾಕಿದವನು ಮಿತಿಗೆ ಹೆದರಿದ್ದ. ಅಂದರೆ ಮಾಲು ಪರೀಕ್ಷೆಯಲ್ಲಿ ಪಾಸಾಗಿ, ಸದ್ದಿಲ್ಲದೆ ಮಾರಾಟವಾಗಬೇಕಿತ್ತು. ಆದರೆ ಅವನು ನೋಡಿದ್ದು ಉಪ್ಪಿನಕಾಯಿಯ ನಿಯಮ. ಚಟ್ನಿಪುಡಿ ಬೇರೆ ವರ್ಗ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಇಲ್ಲಿ ಉಪ್ಪಿನಕಾಯಿ ತಯಾರಿಸುವವರು ನೀವೊಬ್ಬರೇ.”

“ಬಾಯಿಮಾತಿಗೆಲ್ಲ ಸಾಕ್ಷಿ ಏನೈತ್ರೀ?”

“ಬೆಳಿಗ್ಗೆ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿದ್ದೆ. ಲಕ್ಷ್ಮಕ್ಕನಿಗೆ ಕೊಟ್ಟ ಕವರಿನ ಎರಡರಷ್ಟು ನೀವು ಅಚ್ಚು ಹಾಕಿಸಿದ್ದೀರಿ. ಉಳಿದವು ನಿಮ್ಮ ಗೋಡೌನಿನಲ್ಲಿವೆಯೋ ಇಲ್ಲವೋ, ಸಾಹೇಬರು ಈಗಲೇ ಹೋಗಿ ನೋಡಲಿ.”

ಅರುಣ್ ಕುಮಾರ್ ಲಕ್ಷ್ಮಕ್ಕನ ಕಡೆ ತಿರುಗಿದ. “ಲಕ್ಷ್ಮಕ್ಕ, ನಿಮ್ಮ ಹೆಸರಿಗೆ ಪ್ಯಾಟ್ಯಾಗೆ ಗಿರಾಕಿ ಐತೆ ಅಂತ ಹಿಂಗೆ ಮಾಡಿಬಿಟ್ಟೆ. ರಾಜಿ ಆಗೋಣ್ರಿ” ಎಂದ. ನಾಚಿಕೆಗೆಟ್ಟವನು! ನಾನು ಎದ್ದೇಬಿಟ್ಟೆ. ಪ್ರೇಮಲತಾ ಕೈಹಿಡಿದು ಕೂರಿಸಿದರು.

ಲಕ್ಷ್ಮಕ್ಕ ಅವನ ಮುಂದಿನ ಎಲೆಯನ್ನು ಎತ್ತಿಕೊಂಡರು. “ಕಳ್ಳತನ ಮಾಡಿದ್ದು ಒಂದು ಕಡೆ ಇರ್ಲಿ. ಊರೆಲ್ಲ ನನ್ನ ಪುಡಿಗೆ ವಿಷ ಅಂದಾಗ ಇದೇ ಮನೆಗೆ ಬಂದು, ಚಹಾ ಕುಡಿದು, ‘ಧೈರ್ಯ ತಗೋಳಕ್ಕ’ ಅಂದ್ರಲ್ಲ! ಅದನ್ನ ಯಾವ ವರ್ಗಕ್ಕೆ ಹಾಕ್ಬೇಕು, ಸಾಹೇಬ್ರೇ?”

ತಿಪ್ಪೇರುದ್ರಸ್ವಾಮಿ ಗಂಟಲು ಸರಿಮಾಡಿಕೊಂಡರು. “ನೋಟಿಸ್ ವಾಪಸ್ ತಗೊಳ್ತೀನಮ್ಮ.”

“ಕಾಗದದಾಗೆ ತಗೊಂಡ್ರೆ ಸಾಲದ್ರೀ. ಹೊನ್ನಾಳಿ ಅಂಗಡಿ ಮುಂದೆ ನಿಂತು ಜನಕ್ಕೆ ಹೇಳ್ಬೇಕು.”

ಅಂದೇ ಸಂಜೆ ನ್ಯಾಮತಿಯ ಗೋಡೌನಿಗೆ ಬೀಗ ಜಡಿದು, ಅಧಿಕಾರಿ ನೇರ ಹೊನ್ನಾಳಿಗೆ ಬಂದರು. ತುಂಬಿದ ಪೇಟೆಯಲ್ಲಿ ನಿಂತು, “ಲಕ್ಷ್ಮಕ್ಕನ ಪುಡಿಯಲ್ಲಿ ದೋಷವಿಲ್ಲ, ತಪ್ಪು ನಮ್ಮದು” ಎಂದರು. ಹಿಂದೆ ನಿಂತಿದ್ದವರಿಗೆ ಕೇಳಿಸಲಿಲ್ಲ.

“ಜೋರಾಗಿ ಹೇಳ್ರಿ” ಎಂದರು ಲಕ್ಷ್ಮಕ್ಕ.